ಸಮುದಾಯ ಕಾಲೇಜು ವಿದ್ಯಾರ್ಥಿಗಳ ಶೈಕ್ಷಣಿಕ ಸ್ವಾತಂತ್ರ್ಯದ ರಕ್ಷಣೆ: ಹಕ್ಕುಗಳು ಮತ್ತು ದೂರು ಸಲ್ಲಿಸುವ ವಿಧಾನ

ಪೀಠಿಕೆ

ಪದವಿ ಶಿಕ್ಷಣ ಮುಂದುವರಿಸಲಾಗದವರಿಗೂ ದುಡಿಮೆಗೆ ಬೇಕಾದ ಕೌಶಲವನ್ನು ಸಮೀಪದಲ್ಲಿಯೇ, ಕಡಿಮೆ ವೆಚ್ಚದಲ್ಲಿ ಒದಗಿಸುವುದು ಸಮುದಾಯ ಕಾಲೇಜುಗಳ ಉದ್ದೇಶವಾಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು (ಯು.ಜಿ.ಸಿ.) 12ನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ (2012-17) ರೂಪಿಸಿದ ಯೋಜನೆಯಂತೆ ಇಂತಹ ಶಿಕ್ಷಣಕ್ರಮಗಳು ಅದಾಗಲೇ ನಡೆಯುತ್ತಿದ್ದ ಕಾಲೇಜುಗಳಲ್ಲಿಯೇ ಆರಂಭಗೊಂಡವು. ಇವು ಅಲ್ಪಾವಧಿಯ ಶಿಕ್ಷಣಕ್ರಮಗಳಾದುದರಿಂದ ಫಲಿತಾಂಶ ತಡವಾದರೆ ಅಥವಾ ಅಂಕಪಟ್ಟಿಯನ್ನು ತಡೆಹಿಡಿದರೆ ಕೈಗೆ ಬಂದ ಉದ್ಯೋಗವೇ ತಪ್ಪಿಹೋಗಬಹುದು. ಈ ಭಯದಿಂದ ಅನೇಕ ವಿದ್ಯಾರ್ಥಿಗಳು ಅನ್ಯಾಯವಾದರೂ ಮೌನವಾಗಿರುತ್ತಾರೆ. ಅಂತಹವರಿಗೆ ಲಭ್ಯವಿರುವ ರಕ್ಷಣೆಯನ್ನು ಇಲ್ಲಿ ವಿವರಿಸಲಾಗಿದೆ.

ಶೈಕ್ಷಣಿಕ ಸ್ವಾತಂತ್ರ್ಯ ಎಂದರೇನು?

ತರಗತಿಯಲ್ಲಿ ಪ್ರಶ್ನಿಸುವುದು, ಆಧಾರಸಹಿತವಾಗಿ ಭಿನ್ನಾಭಿಪ್ರಾಯ ಮಂಡಿಸುವುದು ಹಾಗೂ ಕಲಿಕೆಯ ಗುಣಮಟ್ಟವೊಂದನ್ನೇ ಅಳೆಯುವ ಮೌಲ್ಯಮಾಪನವನ್ನು ಪಡೆಯುವುದು ಇದರಲ್ಲಿ ಸೇರಿವೆ. ಸಂವಿಧಾನದ 19(1)(ಎ) ಅನುಚ್ಛೇದವು ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ನೀಡಿದೆ. 1976ರ 42ನೆಯ ತಿದ್ದುಪಡಿಯ ಮೂಲಕ ಸೇರಿದ 51ಎ(ಎಚ್) ಅನುಚ್ಛೇದವು ವೈಜ್ಞಾನಿಕ ಮನೋಭಾವ ಮತ್ತು ಜಿಜ್ಞಾಸೆಯನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಹೇಳುತ್ತದೆ. ಆದ್ದರಿಂದ ಪ್ರಶ್ನಿಸುವುದು ಅವಿಧೇಯತೆಯಲ್ಲ.

ಈ ಸ್ವಾತಂತ್ರ್ಯಕ್ಕೆ ಮಿತಿಯೂ ಉಂಟು. ಪಠ್ಯಕ್ರಮ, ಹಾಜರಾತಿ ಮತ್ತು ಪರೀಕ್ಷೆಗಳಿಂದ ಯಾರಿಗೂ ವಿನಾಯಿತಿ ದೊರೆಯುವುದಿಲ್ಲ. ನಿದರ್ಶನಕ್ಕೆ, ವಿದ್ಯಾರ್ಥಿನಿಯೊಬ್ಬಳು ತನ್ನ ಯೋಜನಾ ವರದಿಯಲ್ಲಿ ಬೋಧಕರ ನಿಲುವಿಗೆ ವಿರುದ್ಧವಾದ ತೀರ್ಮಾನವನ್ನು ಮಂಡಿಸಿದಳೆಂದು ಭಾವಿಸಬಹುದು. ವರದಿಯ ಆಧಾರಗಳು ದುರ್ಬಲವಾಗಿದ್ದಲ್ಲಿ ಅಂಕ ಕಡಿಮೆಯಾಗುವುದು ಸಹಜ. ಆದರೆ ತೀರ್ಮಾನವು ಹಿಡಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಅಂಕ ಕಡಿತ ಮಾಡಿದಲ್ಲಿ ಅದು ಅನುಚಿತ ಮೌಲ್ಯಮಾಪನವಾಗುತ್ತದೆ.

ಯಾವ ವಿಷಯಗಳಿಗೆ ದೂರು ನೀಡಬಹುದು?

ಯು.ಜಿ.ಸಿ.ಯ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ವಿನಿಯಮಗಳು, 2023ರ ಅನ್ವಯ ಈ ಕೆಳಗಿನವುಗಳೂ ಕುಂದುಕೊರತೆಗಳಾಗಿವೆ:

1. ಪಾರದರ್ಶಕವಲ್ಲದ ಅಥವಾ ಅನುಚಿತವಾದ ಮೌಲ್ಯಮಾಪನ.
2. ಪರೀಕ್ಷೆ ಅಥವಾ ಫಲಿತಾಂಶದಲ್ಲಿ ನಿಗದಿತ ವೇಳಾಪಟ್ಟಿಯನ್ನು ಮೀರಿದ ವಿಳಂಬ.
3. ಮೂಲ ಪ್ರಮಾಣಪತ್ರಗಳನ್ನು ತಡೆಹಿಡಿಯುವುದು.
4. ವಿದ್ಯಾರ್ಥಿವೇತನ ಪಾವತಿಯಲ್ಲಿ ವಿಳಂಬ. ಶುಲ್ಕ ಮರುಪಾವತಿಯ ನಿರಾಕರಣೆ.
5. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರೆ ಹಿಂದುಳಿದ ವರ್ಗ, ಮಹಿಳೆಯರು, ಅಲ್ಪಸಂಖ್ಯಾತರು ಹಾಗೂ ವಿಕಲಚೇತನ ವಿದ್ಯಾರ್ಥಿಗಳ ವಿರುದ್ಧ ತಾರತಮ್ಯ.
6. ಕಿರುಕುಳ ಅಥವಾ ಸೇಡಿನ ಕ್ರಮ (ದಂಡನಾ ಕಾನೂನಿನಡಿ ಬರುವ ಪ್ರಕರಣಗಳನ್ನು ಹೊರತುಪಡಿಸಿ).

ದೂರು ಸಲ್ಲಿಸುವ ವಿಧಾನ

ಮೊದಲ ಹಂತ: ಸಂಸ್ಥೆಯ ಆನ್‌ಲೈನ್ ಪೋರ್ಟಲ್ ಮೂಲಕ ದೂರನ್ನು ದಾಖಲಿಸತಕ್ಕದ್ದು. ಸಂಸ್ಥೆಯು ಅದನ್ನು 15 ದಿನಗಳೊಳಗೆ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ಕಳುಹಿಸಬೇಕು. ಪ್ರಾಧ್ಯಾಪಕರೊಬ್ಬರು ಈ ಸಮಿತಿಯ ಅಧ್ಯಕ್ಷರಾಗಿರುತ್ತಾರೆ. ಅಧ್ಯಕ್ಷರೂ ಸೇರಿದಂತೆ ಕನಿಷ್ಠ ಒಬ್ಬರು ಮಹಿಳೆ ಹಾಗೂ ಒಬ್ಬರು ಪರಿಶಿಷ್ಟ ಜಾತಿ, ಪಂಗಡ ಅಥವಾ ಇತರೆ ಹಿಂದುಳಿದ ವರ್ಗಕ್ಕೆ ಸೇರಿದವರಾಗಿರಬೇಕು. ವಿದ್ಯಾರ್ಥಿ ಪ್ರತಿನಿಧಿಯೊಬ್ಬರು ವಿಶೇಷ ಆಹ್ವಾನಿತರಾಗಿರುತ್ತಾರೆ. ದೂರುದಾರರು ಖುದ್ದಾಗಿ ಹಾಜರಾಗಬಹುದು ಅಥವಾ ಪ್ರತಿನಿಧಿಯನ್ನು ನೇಮಿಸಬಹುದು. ಸಮಿತಿಯು ಸಾಧ್ಯವಾದಷ್ಟು ಮಟ್ಟಿಗೆ 15 ಕೆಲಸದ ದಿನಗಳೊಳಗೆ ವರದಿ ಸಲ್ಲಿಸಿ, ಅದರ ಪ್ರತಿಯನ್ನು ವಿದ್ಯಾರ್ಥಿಗೂ ನೀಡಬೇಕು.

ಎರಡನೆಯ ಹಂತ: ನಿರ್ಣಯವು ಸಮಾಧಾನಕರವಲ್ಲದಿದ್ದಲ್ಲಿ ಅದು ತಲುಪಿದ 15 ದಿನಗಳೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ರವರಿಗೆ ಮೇಲ್ಮನವಿ ಸಲ್ಲಿಸಬಹುದು. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಈ ಸ್ಥಾನದಲ್ಲಿರುತ್ತಾರೆ. ಮೇಲ್ಮನವಿಯ ಇತ್ಯರ್ಥಕ್ಕೆ 30 ದಿನಗಳ ಅವಧಿ ಇರುತ್ತದೆ.

ಮುಖ್ಯ ಸೂಚನೆ: "ಅಂಕ ಕಡಿಮೆ ಬಂದಿದೆ" ಎಂಬ ಮನವಿಯನ್ನು ಮಾತ್ರ ಓಂಬುಡ್ಸ್‌ಪರ್ಸನ್‌ರವರು ಪರಿಗಣಿಸುವುದಿಲ್ಲ. ಫಲಿತಾಂಶದ ಮೇಲೆ ಪರಿಣಾಮ ಬೀರಿದ ನಿರ್ದಿಷ್ಟ ಅಕ್ರಮವನ್ನು ಅಥವಾ ತಾರತಮ್ಯದ ನಿರ್ದಿಷ್ಟ ಪ್ರಸಂಗವನ್ನು ತೋರಿಸತಕ್ಕದ್ದು. ಆದುದರಿಂದ ದಿನಾಂಕ, ಆಂತರಿಕ ಅಂಕಗಳ ವಿವರ, ಮರಳಿ ಪಡೆದ ವರದಿಯ ಪ್ರತಿ ಮುಂತಾದವುಗಳನ್ನು ಆರಂಭದಿಂದಲೇ ಕಾಯ್ದಿಟ್ಟುಕೊಳ್ಳುವುದು ಸೂಕ್ತ. ಸುಳ್ಳು ದೂರಿನ ವಿರುದ್ಧ ಕ್ರಮಕ್ಕೆ ಶಿಫಾರಸು ಮಾಡುವ ಅಧಿಕಾರವೂ ಇವರಿಗಿದೆ.

ಉತ್ತರ ಪತ್ರಿಕೆಯನ್ನು ಪಡೆಯುವ ಹಕ್ಕು

ದೂರಿಗೆ ಬೇಕಾದ ಆಧಾರವು ಅನೇಕ ವೇಳೆ ಉತ್ತರ ಪತ್ರಿಕೆಯಲ್ಲಿಯೇ ಇರುತ್ತದೆ. ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯು ಮಾಹಿತಿ ಹಕ್ಕು ಅಧಿನಿಯಮ, 2005ರಡಿ "ಮಾಹಿತಿ"ಯಾಗಿದ್ದು, ಅದನ್ನು ಪರಿಶೀಲಿಸುವ ಹಾಗೂ ಪ್ರತಿ ಪಡೆಯುವ ಹಕ್ಕು ಪರೀಕ್ಷಾರ್ಥಿಗೆ ಇದೆಯೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪು ನೀಡಿದೆ. ಮೌಲ್ಯಮಾಪಕರ ಹೆಸರನ್ನು ತಿಳಿಸಲಾಗುವುದಿಲ್ಲ.

ಅರ್ಜಿಯನ್ನು ಕನ್ನಡದಲ್ಲಿಯೇ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಸಲ್ಲಿಸಬಹುದು. ಕರ್ನಾಟಕದ ನಿಯಮಗಳಂತೆ ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಒಂದು ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಹಾಗೂ ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. 30 ದಿನಗಳೊಳಗೆ ಉತ್ತರ ದೊರೆಯಬೇಕು. ಉತ್ತರ ಪತ್ರಿಕೆಗಳನ್ನು ನಿಗದಿತ ಅವಧಿಯ ನಂತರ ನಾಶಪಡಿಸುವುದರಿಂದ ಫಲಿತಾಂಶ ಪ್ರಕಟವಾದ ಕೂಡಲೇ ಅರ್ಜಿ ಸಲ್ಲಿಸುವುದು ಒಳಿತು.

ವಿ.ಸೂ.: ಲೈಂಗಿಕ ಕಿರುಕುಳದ ದೂರುಗಳನ್ನು ಕಾಲೇಜಿನ ಆಂತರಿಕ ಸಮಿತಿಗೂ, ರ‍್ಯಾಗಿಂಗ್ ದೂರುಗಳನ್ನು ರ‍್ಯಾಗಿಂಗ್ ವಿರೋಧಿ ಸಮಿತಿಗೂ ಪ್ರತ್ಯೇಕವಾಗಿ ಸಲ್ಲಿಸತಕ್ಕದ್ದು. ಸಲ್ಲಿಸಿದ ಪ್ರತಿಯೊಂದು ಅರ್ಜಿಗೂ ಸ್ವೀಕೃತಿ ಪಡೆದು, ದಿನಾಂಕವನ್ನು ಗುರುತು ಹಾಕಿಕೊಳ್ಳತಕ್ಕದ್ದು. ಮೇಲೆ ತಿಳಿಸಿದ ಗಡುವುಗಳು ಆ ದಿನಾಂಕವನ್ನೇ ಅವಲಂಬಿಸಿವೆ.