ಮೈಗೂ ಕೇಳುವ ಹಾಡು

"ಕಿವಿ ಕೇಳದವರಿಗೆ ಹಾಡು ಯಾಕೆ? ವಾದ್ಯ ಯಾಕೆ?" ಹೀಗೆ ಕೇಳುವವರು ಬಹಳ ಜನ. ಮದುವೆ ಮನೆಯಲ್ಲಿ ಎಲ್ಲರೂ ಸೋಬಾನೆ ಹಾಡ್ತಾರೆ. ಕಿವಿ ಕೇಳದ ಹುಡುಗಿ ಮಾತ್ರ ಮೂಲೆಯಲ್ಲಿ ಕೂತಿರ್ತಾಳೆ. ಅವಳನ್ನು ಯಾರೂ ಕರೆಯೋದಿಲ್ಲ. ಇದು ಸರಿಯೇ? ಅಕ್ಕಂದಿರೇ, ಯೋಚನೆ ಮಾಡಿ ನೋಡೋಣ.

ಶಬ್ದ ಅಂದರೆ ಏನು?

ಡೊಳ್ಳಿಗೆ ಕೋಲು ಬಿದ್ದರೆ ಚರ್ಮ ಅದುರುತ್ತದೆ. ಅದರಿಂದ ಸುತ್ತಲಿನ ಗಾಳಿಯೂ ಅದುರುತ್ತದೆ. ಆ ಅದುರು ನಮ್ಮ ಕಿವಿಯ ತಮಟೆಗೆ ತಾಗುತ್ತದೆ. ಅಲ್ಲಿಂದ ಒಳಕಿವಿಗೆ, ನರದ ಮೂಲಕ ಮಿದುಳಿಗೆ ಹೋಗುತ್ತದೆ. ಆಗ ನಮಗೆ ಶಬ್ದ ಕೇಳುತ್ತದೆ.

ಅದುರು ಕಿವಿಗೆ ಮಾತ್ರ ತಾಗೋದಿಲ್ಲ. ಡೊಳ್ಳಿನ ಹತ್ತಿರ ನಿಂತರೆ ಎದೆ ಝಲ್ ಅನ್ನುತ್ತದೆ. ಕಾಲಡಿಯ ನೆಲವೂ ನಡುಗುತ್ತದೆ. ಇದು ಕಿವಿ ಕೇಳದವರಿಗೂ ಗೊತ್ತಾಗುತ್ತದೆ.

ಈವ್‌ಲಿನ್ ಗ್ಲೆನಿ ಅವರ ಕಥೆ

ಈವ್‌ಲಿನ್ ಗ್ಲೆನಿ ಸ್ಕಾಟ್‌ಲೆಂಡಿನ ಹೆಣ್ಣುಮಗಳು. 1965ರಲ್ಲಿ ಹುಟ್ಟಿದರು. ಬೆಳೆದದ್ದು ಹೊಲ, ದನಕರುಗಳ ನಡುವೆ. 8 ವರ್ಷಕ್ಕೆ ಕಿವಿ ಮಂದವಾಗತೊಡಗಿತು. 12 ವರ್ಷಕ್ಕೆ ಹೆಚ್ಚುಕಡಿಮೆ ಪೂರಾ ಹೋಯಿತು. ಆದರೂ ನಗಾರಿ ಕಲಿಯುವ ಆಸೆ ಬಿಡಲಿಲ್ಲ.

ಮೇಷ್ಟ್ರು ಒಂದು ಉಪಾಯ ಮಾಡಿದರು. ಅವರು ನಗಾರಿ ಬಾರಿಸುವಾಗ ಹುಡುಗಿ ಗೋಡೆಗೆ ಕೈ ಇಟ್ಟು ನಿಲ್ಲಬೇಕು. ದಪ್ಪ ಸ್ವರ ಕಾಲಿಗೆ, ಪಾದಕ್ಕೆ ತಿಳಿಯಿತು. ಸಣ್ಣ ಸ್ವರ ಮುಖಕ್ಕೆ, ಕುತ್ತಿಗೆಗೆ ತಿಳಿಯಿತು.

ಲಂಡನ್ನಿನ ದೊಡ್ಡ ಸಂಗೀತ ಶಾಲೆ ಮೊದಲು ಅವರನ್ನು ಬೇಡ ಅಂದಿತು. ಅವರು ಸುಮ್ಮನಾಗಲಿಲ್ಲ, ಎದುರು ವಾದ ಮಾಡಿದರು. ಮತ್ತೆ ಪರೀಕ್ಷೆ ಕೊಟ್ಟು ಸೇರಿದರು. ಮುಂದೆ ಲೋಕವೇ ಬಲ್ಲ ವಾದ್ಯಗಾರ್ತಿ ಆದರು. 2012ರಲ್ಲಿ ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನ ನಗಾರಿಯವರ ದೊಡ್ಡ ಮೇಳಕ್ಕೆ ಮುಂದಾಳು ಅವರೇ. ಬಾರಿಸುವಾಗ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಲ್ಲುತ್ತಾರೆ. ನೆಲದ ಅದುರು ತಿಳಿಯಲಿ ಅಂತ.

ನಾವು ಏನು ಮಾಡಬಹುದು?

ಕಿವಿ ಕೇಳದ ಮಗುವಿನ ಅಂಗೈಯನ್ನು ತಮಟೆಯ ಅಂಚಿಗೆ ಇಡಿಸಿ. ಬರಿಗಾಲಲ್ಲಿ ಮರದ ಹಲಗೆ ಮೇಲೆ ನಿಲ್ಲಿಸಿ. ಊದಿದ ಬಲೂನು ಕೈಗೆ ಕೊಡಿ. ಹತ್ತಿರ ವಾದ್ಯ ಬಾರಿಸಿದರೆ ಬಲೂನು ಕೈಯಲ್ಲೇ ನಡುಗುತ್ತದೆ. ಕೋಲಾಟಕ್ಕೂ ಕರೆಯಿರಿ. ಕೋಲಿನ ಪೆಟ್ಟೇ ತಾಳ ಹೇಳಿಕೊಡುತ್ತದೆ.

ಒಂದು ಎಚ್ಚರ. ಕೇಳಲಿ ಅಂತ ಕಿವಿ ಹತ್ತಿರ ಜೋರಾಗಿ ಬಾರಿಸಬೇಡಿ. ಉಳಿದಿರುವ ಅಷ್ಟಿಷ್ಟು ಕೇಳುವ ಶಕ್ತಿಯೂ ಹಾಳಾದೀತು. ಕೂಸು ಶಬ್ದಕ್ಕೆ ತಿರುಗಿ ನೋಡದಿದ್ದರೆ ತಡ ಮಾಡದೆ ಆಸ್ಪತ್ರೆಯಲ್ಲಿ ತೋರಿಸಿ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕಿವಿ ಪರೀಕ್ಷೆ ಮಾಡುತ್ತಾರೆ.

ಅಕ್ಷರವೂ ಹಾಡುತ್ತದೆ

ತಾಳ ಮೈಗೆ ತಿಳಿಯಿತು. ಹಾಡಿನ ಮಾತು? ಅದಕ್ಕೆ ಕೈಸನ್ನೆ ಇದೆ, ಅಕ್ಷರ ಇದೆ. 1999ರಲ್ಲಿ ಗುಜರಾತಿನ ಟಿ.ವಿ.ಯಲ್ಲಿ ಸಿನಿಮಾ ಹಾಡಿನ ಕೆಳಗೆ ಅದೇ ಭಾಷೆಯ ಸಾಲು ಬರೆದು ತೋರಿಸಿದರು. ಹೊಸದಾಗಿ ಓದು ಕಲಿತವರಿಗಾಗಿ ಮಾಡಿದ ಕೆಲಸ ಅದು. ಇಂಥ ಸಾಲು ಕಿವಿ ಕೇಳದವರಿಗೂ ಬೇಕು.

ನಿಮಗೂ ಈಗ ಬರೆಯಲು ಬರುತ್ತದೆ. ನಿಮಗೆ ಬರುವ ಸೋಬಾನೆ ಪದವನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಓದು ಬಲ್ಲ ಆ ಹುಡುಗಿಯ ಕೈಗೆ ಕೊಡಿ. ಪಕ್ಕದಲ್ಲೇ ಕೂರಿಸಿಕೊಂಡು, ಹಾಡ್ತಾ ಹಾಡ್ತಾ ಸಾಲಿನ ಮೇಲೆ ಬೆರಳಿಡಿ.