ಅರ್ಜಿಯ ನೆನಪು ಎಲ್ಲಿರುತ್ತದೆ?

ಕಳೆದ ಮಳೆಗಾಲದ ಆರಂಭದಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಮಂಗಳೂರಿನ ಹಂಪನಕಟ್ಟೆಯ ಬಳಿಯ ಸೈಬರ್ ಸೆಂಟರೊಂದರಲ್ಲಿ ಕುಳಿತು, ಒಂದು ಸಂಸ್ಥೆಯ ಪ್ರವೇಶಕ್ಕಾಗಿ ಜಾಲತಾಣದ ಮೂಲಕ ಅರ್ಜಿ ತುಂಬುತ್ತಿದ್ದಳು. ಅರ್ಜಿಗೆ ಆರು ಪುಟಗಳು. ಹೆಸರು, ವಿಳಾಸ, ಓದಿದ ಶಾಲೆಗಳು, ಅಂಕಗಳು, ಭಾವಚಿತ್ರ ಎಲ್ಲವನ್ನೂ ಒಪ್ಪಿಸಿ ಐದನೆಯ ಪುಟಕ್ಕೆ ಬಂದಾಗ ಮನೆಯ ವಾರ್ಷಿಕ ಆದಾಯದ ಅಂಕಿ ಬೇಕಾಯಿತು. ತಂದೆಗೆ ಫೋನು ಮಾಡಿದಳು. ಅವರು ಕಾಗದ ಹುಡುಕಿ ಹೇಳುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು. ಅಂಕಿಯನ್ನು ಬರೆದು ‘ಮುಂದೆ’ ಎಂಬ ಗುಂಡಿಯನ್ನು ಒತ್ತಿದಾಗ ತೆರೆಯ ಮೇಲೆ ಮೂಡಿದ್ದು ಮೊದಲನೆಯ ಪುಟ, ಅದೂ ಬರಿದಾಗಿ. ಅಂದೇ ಅರ್ಜಿಗೆ ಕಡೆಯ ದಿನ. ಸೆಂಟರಿನವರು ಬಾಗಿಲು ಹಾಕುವ ಸಿದ್ಧತೆಯಲ್ಲಿದ್ದರು. ಮರುದಿನ ಅವಳು ನಮ್ಮಲ್ಲಿಗೆ ಬಂದು, “ಸರ್, ನಾನು ಬರೆದದ್ದೆಲ್ಲ ಎಲ್ಲಿಗೆ ಹೋಯಿತು?” ಎಂದು ಕೇಳಿದಳು.

ನಾವು ಭೌತವಿಜ್ಞಾನವನ್ನು ಬೋಧಿಸುವವರು. ಗಣಕಯಂತ್ರಗಳ ಶಾಸ್ತ್ರ ನಮ್ಮ ವೃತ್ತಿಯಲ್ಲ. ಆದರೂ ಪ್ರಶ್ನೆ ನಮಗೆ ಪರಕೀಯವೆನಿಸಲಿಲ್ಲ. ಒಂದು ವ್ಯವಸ್ಥೆಯ ‘ಸ್ಥಿತಿ’ ಎಂದರೇನು, ಅದನ್ನು ಹೇಳಲು ಎಷ್ಟು ಸಂಗತಿಗಳು ಸಾಕು ಎಂಬುದನ್ನು ನಾವು ತರಗತಿಯಲ್ಲಿ ದಿನವೂ ಚರ್ಚಿಸುತ್ತೇವೆ. ಅರ್ಧ ತುಂಬಿದ ಅರ್ಜಿಗೂ ಒಂದು ಸ್ಥಿತಿಯುಂಟು. ಅದು ಎಲ್ಲಿ ನೆಲೆಸಿರುತ್ತದೆ ಎಂಬುದೇ ಅವಳ ಪ್ರಶ್ನೆಯ ತಿರುಳು.

ಜಾಲತಾಣಗಳನ್ನು ನಡೆಸುವ ದೂರದ ಯಂತ್ರಕ್ಕೆ ಸರ್ವರ್ ಎಂದೂ, ನಮ್ಮ ಮುಂದಿರುವ ಯಂತ್ರದಲ್ಲಿ ಪುಟವನ್ನು ತೋರಿಸುವ ಸಾಧನಕ್ಕೆ ಬ್ರೌಸರ್ ಎಂದೂ ಹೆಸರು. ಇವೆರಡೂ ಎಚ್‌ಟಿಟಿಪಿ ಎಂಬ ಕಟ್ಟಳೆಯಂತೆ ಮಾತನಾಡಿಕೊಳ್ಳುತ್ತವೆ. ಜಿನೀವಾ ನಗರದ ಸಮೀಪದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ಜಾಲದ ಯೋಜನೆಯನ್ನು ಮುಂದಿಟ್ಟಾಗ ಅವರ ಎದುರಿಗಿದ್ದುದು ವಿಜ್ಞಾನಿಗಳು ತಮ್ಮ ಬರಹಗಳನ್ನು ಪರಸ್ಪರ ಹಂಚಿಕೊಳ್ಳುವುದು ಹೇಗೆ ಎಂಬ ಸಮಸ್ಯೆ. ಆ ಕಟ್ಟಳೆಯ ಮೊದಲ ರೂಪದಲ್ಲಿ ಕೋರಿಕೆಯೆಂದರೆ ಒಂದೇ ಒಂದು ಸಾಲು: ‘ಇಂಥ ಬರಹವನ್ನು ಕೊಡು’. ಸರ್ವರ್ ಅದನ್ನು ಕೊಟ್ಟು ಸಂಪರ್ಕವನ್ನು ಕಡಿದುಬಿಡುತ್ತಿತ್ತು. ಕಟ್ಟಳೆ ಬಳಿಕ ಬಹಳ ಬೆಳೆದಿದೆಯಾದರೂ ಈ ಮೂಲಗುಣ ಉಳಿದುಕೊಂಡಿದೆ. ಪ್ರತಿಯೊಂದು ಕೋರಿಕೆಯೂ ಸ್ವತಂತ್ರ. ಎರಡನೆಯ ಪುಟವನ್ನು ಕೇಳುವವನು ಕ್ಷಣದ ಹಿಂದೆ ಮೊದಲನೆಯ ಪುಟವನ್ನು ತುಂಬಿದವನೇ ಎಂಬುದು ಆ ಕಟ್ಟಳೆಗೆ ತಿಳಿಯದು.

ಈ ಮರೆವು ದೋಷವೆಂದು ವಾಚಕರು ಭಾವಿಸಬಾರದು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಲಕ್ಷಾಂತರ ಮಂದಿ ಒಂದೇ ತಾಣಕ್ಕೆ ನುಗ್ಗುತ್ತಾರೆ. ಸರ್ವರಿಗೆ ಯಾರ ನೆನಪೂ ಬೇಕಿಲ್ಲವಾದ್ದರಿಂದಲೇ ಹತ್ತು ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ, ಬಿಡುವಾದ ಯಂತ್ರದ ಕಡೆಗೆ ಬಂದವರನ್ನು ಕಳುಹಿಸಬಹುದು. ಒಂದು ಕೆಟ್ಟರೆ ಇನ್ನೊಂದು ಉತ್ತರಿಸುತ್ತದೆ. ತೊಂದರೆ ತಲೆದೋರುವುದು ಕೆಲಸ ಒಂದೇ ಪ್ರಶ್ನೋತ್ತರದಲ್ಲಿ ಮುಗಿಯದಿದ್ದಾಗ. ಯಂತ್ರ ಮರೆಯುವುದಾದರೆ ಬೇರೆಲ್ಲಿಯಾದರೂ ಯಾರಾದರೂ ನೆನಪಿಡಲೇಬೇಕು.

ಅತ್ಯಂತ ಸುಲಭದ ಉಪಾಯವೆಂದರೆ ನೆನಪನ್ನು ಪುಟದ ಮೇಲೆಯೇ ಹೊರಿಸುವುದು. ಎರಡನೆಯ ಪುಟವನ್ನು ಕಳುಹಿಸುವಾಗ ಮೊದಲನೆಯ ಪುಟದ ಉತ್ತರಗಳನ್ನೂ ಕಣ್ಣಿಗೆ ಕಾಣದ ಅಂಕಣಗಳಲ್ಲಿ ಸೇರಿಸಿ ಕಳುಹಿಸಿದರೆ, ಅವು ಮುಂದಿನ ಕೋರಿಕೆಯೊಡನೆ ಹಿಂದಿರುಗುತ್ತವೆ. ಆದರೆ ಕಾಣದ ಅಂಕಣವೆಂದರೆ ಭದ್ರವಾದ ಅಂಕಣವಲ್ಲ. ಸ್ವಲ್ಪ ತಿಳಿದ ಹುಡುಗನೂ ಅದನ್ನು ತೆರೆದು ತಿದ್ದಬಲ್ಲನು. ಶುಲ್ಕದ ಮೊತ್ತವನ್ನು ಹೀಗೆ ಬಚ್ಚಿಟ್ಟು ಕಳುಹಿಸಿ, ಹಿಂದಿರುಗಿದ ಅಂಕಿಯನ್ನು ನಂಬುವ ತಾಣಕ್ಕೆ ನಷ್ಟ ತಪ್ಪದು.

ಎರಡನೆಯ ಉಪಾಯವನ್ನು ಮಂಗಳೂರಿನವರಿಗೆ ವಿವರಿಸುವುದು ಕಷ್ಟವಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದ ಊರು ಇದು. 1924ರಲ್ಲಿ ಕರ್ಣಾಟಕ ಬ್ಯಾಂಕು ಹುಟ್ಟಿದ್ದೂ ಇಲ್ಲಿಯೇ. ಬ್ಯಾಂಕುಗಳಿಗೆ ಗಣಕಯಂತ್ರ ಬರುವ ಮೊದಲು ಹಣ ತೆಗೆಯಲು ಹೋದವರು ಚೆಕ್ಕನ್ನು ಗುಮಾಸ್ತರ ಕೈಗೆ ಕೊಟ್ಟು ಒಂದು ಹಿತ್ತಾಳೆಯ ಟೋಕನನ್ನು ಪಡೆಯುತ್ತಿದ್ದರು. ಟೋಕನಿನ ಮೇಲೆ ಹೆಸರಿಲ್ಲ, ಮೊತ್ತವಿಲ್ಲ, ಬರಿಯ ಸಂಖ್ಯೆ. ಕಾಗದಪತ್ರಗಳೆಲ್ಲ ಒಳಗೆ ಮೇಜಿನಿಂದ ಮೇಜಿಗೆ ಸಾಗುತ್ತಿದ್ದುವು. ಕೊನೆಗೆ ಖಜಾಂಚಿ ಸಂಖ್ಯೆಯನ್ನು ಕೂಗುವನು. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ರೂಪಿಸಿದ ‘ಕುಕಿ’ಯನ್ನು ಇಂತಹ ಟೋಕನ್ನಿನಂತೆ ಬಳಸಬಹುದು. ಸರ್ವರ್ ಮೊದಲ ಭೇಟಿಯಲ್ಲಿಯೇ ಊಹಿಸಲಾಗದ ಒಂದು ಸಂಖ್ಯೆಯನ್ನು ಬ್ರೌಸರಿನ ಕೈಗಿಡುತ್ತದೆ; ಬ್ರೌಸರ್ ಪ್ರತಿ ಕೋರಿಕೆಯೊಡನೆ ಅದನ್ನು ತೋರಿಸುತ್ತದೆ; ಸರ್ವರ್ ಆ ಸಂಖ್ಯೆಯ ಕಡತವನ್ನು ತೆರೆದು ನೋಡುತ್ತದೆ. ಈ ಕಡತಕ್ಕೆ ‘ಸೆಷನ್’ ಎಂದು ಹೆಸರು.

ನಮ್ಮ ವಿದ್ಯಾರ್ಥಿನಿಗೆ ಉತ್ತರ ದೊರೆಯುವುದು ಇಲ್ಲಿಯೇ. ಬ್ಯಾಂಕು ಸಂಜೆ ಮುಚ್ಚುವಂತೆ ಸೆಷನ್‌ಗೂ ಅವಧಿಯುಂಟು. ಟೋಕನ್ ಹಿಡಿದವನು ಎದ್ದು ಹೋದನೋ, ಸುಮ್ಮನೆ ಕುಳಿತಿದ್ದಾನೋ ಎಂಬುದು ಸರ್ವರಿಗೆ ಕಾಣಿಸದು. ಆದಕಾರಣ ಇಪ್ಪತ್ತೋ ಮೂವತ್ತೋ ನಿಮಿಷ ಸದ್ದಿಲ್ಲದಿದ್ದರೆ ಕಡತವನ್ನು ಹರಿದು ಹಾಕುವ ವಾಡಿಕೆ. ಬೇರೊಬ್ಬನು ಅದೇ ಕುರ್ಚಿಯಲ್ಲಿ ಕುಳಿತು ಮುಂದುವರಿಸದಿರಲೆಂಬ ಎಚ್ಚರಿಕೆಯೂ ಇದರಲ್ಲಿದೆ. ಅವಳು ಫೋನಿನಲ್ಲಿದ್ದಾಗ ಅವಳ ಕಡತವೂ ಹೀಗೆಯೇ ಹೋಗಿರಬೇಕು. ಐದು ಪುಟಗಳ ಶ್ರಮವನ್ನು ಅಲ್ಪಾಯುವಾದ ಸೆಷನ್ನಿನಲ್ಲಿ ಮಾತ್ರ ಇರಿಸಿದುದು ಆ ತಾಣವನ್ನು ಕಟ್ಟಿದವರ ತಪ್ಪೆಂದೇ ನಮ್ಮ ಅಭಿಪ್ರಾಯ. ಪ್ರತಿ ಪುಟವನ್ನೂ ಒಪ್ಪಿಸಿದ ಕೂಡಲೆ ಶಾಶ್ವತವಾದ ದತ್ತಕೋಶದಲ್ಲಿ ‘ಕರಡು’ ಎಂದು ಬರೆದಿಟ್ಟು, ಅರ್ಜಿ ಸಂಖ್ಯೆಯನ್ನು ಆಗಲೇ ಕೊಟ್ಟಿದ್ದರೆ, ಸೆಷನ್ ಅಳಿದರೂ ಅವಳು ಮರಳಿ ಪ್ರವೇಶಿಸಿ ಐದನೆಯ ಪುಟದಿಂದ ಮುಂದುವರಿಯಬಹುದಾಗಿತ್ತು.

ಇನ್ನು ಕರಡಿನಲ್ಲಿ ಏನನ್ನು ಬರೆದಿಡಬೇಕು? ಕೇಳಿದ ಕೂಡಲೆ ‘ಎಲ್ಲವನ್ನೂ’ ಎನ್ನಿಸುತ್ತದೆ. ಉಷ್ಣಗತಿವಿಜ್ಞಾನವನ್ನು ಓದಿದವರು ಹಾಗೆನ್ನಲಾರರು. ನಿಯತ ಪರಿಮಾಣದ ಆದರ್ಶ ಅನಿಲವೊಂದರ ಒತ್ತಡವನ್ನೂ ಗಾತ್ರವನ್ನೂ ಹೇಳಿದರೆ ಉಷ್ಣತೆ ತಾನಾಗಿ ನಿರ್ಧಾರವಾಗುತ್ತದೆ. ಮೂರನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮುಂದೊಮ್ಮೆ ಒತ್ತಡವನ್ನು ಮಾತ್ರ ತಿದ್ದಿದರೆ ಪುಸ್ತಕದಲ್ಲಿರುವ ಅನಿಲ ಲೋಕದಲ್ಲಿ ಎಲ್ಲಿಯೂ ಇರಲಾರದು.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ. ಅರ್ಜಿಯನ್ನು ತುಂಬಿದವರಿಗೆ ಗೊತ್ತಿರುವ ಒಂದು ಉದಾಹರಣೆಯನ್ನು ನೋಡೋಣ. ಗ್ರಾಮೀಣ ಮೀಸಲಾತಿಯನ್ನು ಕೋರುವವರು 1ರಿಂದ 10ನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ಬೆಳ್ತಂಗಡಿ ತಾಲ್ಲೂಕಿನ ಹಳ್ಳಿಯೊಂದರ ಹುಡುಗನು ಇಂತಹ ಅರ್ಜಿಯ ಒಂದು ಪುಟದಲ್ಲಿ ಹತ್ತು ವರ್ಷಗಳನ್ನೂ ಊರ ಶಾಲೆಯೆಂದೇ ಬರೆದು, ಮುಂದಣ ಪುಟದಲ್ಲಿ ಗ್ರಾಮೀಣ ಮೀಸಲಾತಿಗೆ ಗುರುತು ಹಾಕಿದನೆನ್ನೋಣ. ಆಮೇಲೆ, ತಾನು ಎಂಟರಿಂದ ಹತ್ತರವರೆಗೆ ಓದಿದುದು ಮಂಗಳೂರು ನಗರದಲ್ಲಿ ಎಂಬುದು ನೆನಪಾಗಿ, ಹಿಂದಕ್ಕೆ ಹೋಗಿ ತಿದ್ದಿದನು. ಈಗ ಹಾಕಿದ ಗುರುತಿನ ಗತಿಯೇನು? ಪ್ರತಿ ಪುಟವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ‘ಸರಿ’ ಎಂಬ ಮುದ್ರೆಯೊತ್ತಿ ಇಟ್ಟುಕೊಳ್ಳುವ ವ್ಯವಸ್ಥೆಯಲ್ಲಿ ಅದು ಹಾಗೆಯೇ ಉಳಿಯುತ್ತದೆ. ಎರಡು ಪುಟಗಳೂ ತಮ್ಮಷ್ಟಕ್ಕೆ ಸರಿ. ಅರ್ಜಿ ಮಾತ್ರ ಸುಳ್ಳು. ಹುಡುಗನು ಸುಳ್ಳು ಹೇಳಲಿಲ್ಲ, ಯಂತ್ರ ಅವನಿಂದ ಹೇಳಿಸಿತು. ಮುಂದೆ ದಾಖಲೆಗಳ ಪರಿಶೀಲನೆಯಲ್ಲಿ ತಲೆತಗ್ಗಿಸಬೇಕಾದವನು ಅವನು.

ಆದ್ದರಿಂದ ಅರ್ಹತೆ, ಶುಲ್ಕ, ಮೊತ್ತ ಮುಂತಾದ ಅವಲಂಬಿತ ಸಂಗತಿಗಳನ್ನು ಬರೆದಿಡದೆ, ಮೂಲ ಉತ್ತರಗಳಿಂದ ಬೇಕಾದಾಗಲೆಲ್ಲ ಹೊಸದಾಗಿ ಲೆಕ್ಕಹಾಕುವುದೇ ಮೇಲು. ಅರ್ಜಿ ಸಲ್ಲಿಸುವ ಗಳಿಗೆಯಲ್ಲಿ ಎಲ್ಲ ಪುಟಗಳನ್ನೂ ಒಟ್ಟಿಗೆ ಮತ್ತೊಮ್ಮೆ ಪರೀಕ್ಷಿಸಬೇಕು. ಅದೂ ಬ್ರೌಸರಿನಲ್ಲಲ್ಲ, ಸರ್ವರಿನಲ್ಲಿ. ಹುಡುಗನು ಬರೆದಿದ್ದ ಪ್ರಮಾಣಪತ್ರದ ಸಂಖ್ಯೆಯನ್ನು ಅಳಿಸಿಬಿಡಬೇಕೆ? ಕೆಲವರು ಹಾಗೆ ಮಾಡುತ್ತಾರೆ. ಅವನು ಕೈತಪ್ಪಿ ಬೇರೆ ಗುಂಡಿಯನ್ನು ಒತ್ತಿ ಮತ್ತೆ ಸರಿಪಡಿಸಿದರೆ ಉದ್ದನೆಯ ಸಂಖ್ಯೆಯನ್ನು ಪುನಃ ಬರೆಯುವ ಶಿಕ್ಷೆ ಏಕೆ? ಕರಡಿನಲ್ಲಿ ಉಳಿಸಿಕೊಂಡು ಸಲ್ಲಿಕೆಯಿಂದ ಮಾತ್ರ ಬಿಟ್ಟರೆ ಸಾಕೆಂದು ನಮಗೆ ತೋರುತ್ತದೆ.

ಕರಡನ್ನು ದತ್ತಕೋಶದಲ್ಲಿಟ್ಟ ಮೇಲೆ ಹೊಸದೊಂದು ತೊಡಕು ಹುಟ್ಟುತ್ತದೆ. ಸಿ.ಇ.ಟಿ.ಯಲ್ಲಿ ಕಾಲೇಜು ಮತ್ತು ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ನಮೂದಿಸುವ ಹಂತವಿದೆ. ಅದು ದಿನಗಟ್ಟಲೆ ತೆರೆದಿರುತ್ತದೆ. ಅಣಕು ಹಂಚಿಕೆಯ ಬಳಿಕ ಕ್ರಮವನ್ನು ಬದಲಿಸಲೂ ಅವಕಾಶವುಂಟು. ನಮ್ಮ ಕರಾವಳಿಯಲ್ಲಿ ತಂದೆ ದುಬಾಯಿಯಲ್ಲಿ, ಮಗಳು ಮಂಗಳೂರಿನಲ್ಲಿ ಇರುವ ಮನೆಗಳು ಅನೇಕ. ಇಂತಹ ಪಟ್ಟಿಯೊಂದನ್ನು ಇಬ್ಬರೂ ಏಕಕಾಲಕ್ಕೆ ತೆರೆದರೆನ್ನಿ. ಮಗಳು ಮೂರನೆಯ ಕಾಲೇಜನ್ನು ಮೊದಲಿಗೆ ತಂದು ಉಳಿಸಿದಳು. ಹತ್ತು ನಿಮಿಷದ ನಂತರ ತಂದೆ, ತಮ್ಮ ತೆರೆಯ ಮೇಲಿನ ಹಳೆಯ ಪಟ್ಟಿಯಲ್ಲಿ ಏಳನೆಯದನ್ನು ತೆಗೆದು ಉಳಿಸಿದರು. ಮಗಳ ಬದಲಾವಣೆ ಸದ್ದಿಲ್ಲದೆ ಅಳಿಯಿತು. ಇದಕ್ಕೆ ಪರಿಹಾರ ಸರಳ. ಪಟ್ಟಿಗೆ ಒಂದು ಆವೃತ್ತಿ ಸಂಖ್ಯೆ ಇರಲಿ. ಪ್ರತಿ ಸಲ ಉಳಿಸಿದಾಗ ಅದು ಒಂದು ಹೆಚ್ಚಲಿ. ‘ನಾನು ತಿದ್ದಿರುವುದು 14ನೆಯ ಆವೃತ್ತಿಯನ್ನು’ ಎಂದು ತಂದೆಯ ಬ್ರೌಸರ್ ಹೇಳಿದಾಗ, ಕೋಶದಲ್ಲಿ 15 ಇದ್ದರೆ ಸರ್ವರ್ ಅದನ್ನು ಸ್ವೀಕರಿಸದೆ ಹೊಸ ಪಟ್ಟಿಯನ್ನು ತೋರಿಸುತ್ತದೆ. ಮುಂದಿನದು ಫೋನಿನಲ್ಲಿ ತಂದೆ ಮಗಳ ಮಾತುಕತೆ. ಅದರಲ್ಲಿ ಯಂತ್ರಕ್ಕೆ ಪಾತ್ರವಿಲ್ಲ.

ಕಡೆಯ ಪುಟ ಶುಲ್ಕದ್ದು. ಗುಂಡಿಯನ್ನು ಒತ್ತಿದ ಮೇಲೆ ಉತ್ತರ ಬಾರದೆ ಚಕ್ರ ತಿರುಗುತ್ತಲೇ ಇದ್ದರೆ ಹಣ ಹೋಯಿತೋ ಇಲ್ಲವೋ ತಿಳಿಯದು. ಕೋರಿಕೆ ಹೋಗುವಾಗ ಕಳೆಯಿತೋ, ಉತ್ತರ ಬರುವಾಗ ಕಳೆಯಿತೋ ಎಂಬುದನ್ನು ಈ ತುದಿಯಲ್ಲಿರುವವನು ಕಂಡುಹಿಡಿಯಲಾರನು. ಮತ್ತೊಮ್ಮೆ ಒತ್ತುವುದು ಮನುಷ್ಯ ಸ್ವಭಾವ. ‘ಕಿಟಕಿ ಮುಚ್ಚು’ ಎಂದು ಎರಡು ಸಲ ಹೇಳಿದರೆ ಕೆಡುಕಿಲ್ಲ. ‘ಚಹಾಕ್ಕೆ ಒಂದು ಚಮಚ ಸಕ್ಕರೆ ಹಾಕು’ ಎಂದು ಎರಡು ಸಲ ಹೇಳಿದರೆ ಚಹಾ ಕೆಡುತ್ತದೆ. ಹಣ ಪಾವತಿ ಎರಡನೆಯ ಜಾತಿಯದು. ಅದನ್ನು ಮೊದಲನೆಯ ಜಾತಿಗೆ ತರಬೇಕಾದರೆ ಪ್ರತಿ ಪಾವತಿಗೂ ಮುಂಚಿತವಾಗಿಯೇ ಒಂದು ವಿಶಿಷ್ಟ ಸಂಖ್ಯೆಯನ್ನು ಕೊಟ್ಟಿರಬೇಕು. ಅದೇ ಸಂಖ್ಯೆಯ ಕೋರಿಕೆ ಮತ್ತೆ ಬಂದಾಗ ಸರ್ವರ್ ಹಣ ಸೆಳೆಯದೆ, ಹಿಂದಿನ ರಸೀದಿಯನ್ನೇ ಮತ್ತೊಮ್ಮೆ ಕಳುಹಿಸುತ್ತದೆ.

ನೆನಪಿಗೆ ಇನ್ನೊಂದು ಸ್ಥಳವೂ ಉಂಟು: ಬ್ರೌಸರಿನದೇ ಉಗ್ರಾಣ. ಕುಕಿಯಲ್ಲಿ ಸುಮಾರು 4 ಕಿಲೋಬೈಟು ಹಿಡಿದರೆ, ಇಲ್ಲಿ ಒಂದು ತಾಣಕ್ಕೆ ಸಾಮಾನ್ಯವಾಗಿ 5 ಮೆಗಾಬೈಟಿನಷ್ಟು ಅವಕಾಶವಿದೆ. ಕರೆಂಟು ಹೋದರೂ, ಜಾಲ ಕಡಿದರೂ, ಅದುವರೆಗೆ ಬರೆದಿಟ್ಟದ್ದು ಸಾಮಾನ್ಯವಾಗಿ ಉಳಿದಿರುತ್ತದೆ. ಆಷಾಢದ ಮಂಗಳೂರಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಸೈಬರ್ ಸೆಂಟರಿನ ಯಂತ್ರ ಎಲ್ಲರದೂ ಹೌದು. ಅಲ್ಲಿ ಉಳಿದ ಹೆಸರು, ಜನ್ಮದಿನಾಂಕ, ಆದಾಯ ಮುಂತಾದುವು ಮುಂದೆ ಅದೇ ತಾಣವನ್ನು ತೆರೆದವನ ಕಣ್ಣಿಗೆ ಬೀಳಬಹುದು. ಉಗ್ರಾಣದಲ್ಲಿ ಎರಡು ಬಗೆ: ಒಂದು ಅಳಿಸುವವರೆಗೂ ಉಳಿಯುವಂಥದು, ಇನ್ನೊಂದು ಆ ಪುಟವನ್ನು ಮುಚ್ಚಿದೊಡನೆ ಅಳಿಯುವಂಥದು. ಸಾರ್ವಜನಿಕ ಅರ್ಜಿಗಳಿಗೆ ಎರಡನೆಯದನ್ನೇ ಆರಿಸಿ, ಉಳಿದುದನ್ನು ಸರ್ವರಿನ ಕರಡಿಗೆ ಬಿಡುವುದು ಯುಕ್ತ.

ಇಷ್ಟನ್ನೂ ಕೇಳಿದ ಮೇಲೆ ವಿದ್ಯಾರ್ಥಿನಿ ತನ್ನ ಕತೆಯ ಉಳಿದ ಭಾಗವನ್ನು ಹೇಳಿದಳು. ಆ ರಾತ್ರಿಯೇ ಮನೆಯಲ್ಲಿ ಅಣ್ಣನ ಫೋನಿನಲ್ಲಿ ಮೊದಲಿನಿಂದ ಎಲ್ಲವನ್ನೂ ತುಂಬಿ, ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಅರ್ಜಿ ಸಲ್ಲಿಸಿದಳಂತೆ. ಆದಾಯದ ಅಂಕಿಯನ್ನು ಈ ಸಲ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು.