ನೀನು ನಿಜವಾದ ಫ್ಯಾನಾ? ಹಾಗಾದ್ರೆ ಹೇಳು...

‘ಫೈನಲ್ ಇಯರ್‌ಗೆ ಬಂದ್ರೂ ಕಾರ್ಟೂನ್ ಹುಚ್ಚು ಬಿಟ್ಟಿಲ್ವಲ್ಲೋ’ ಎಂದು ಅಮ್ಮ ಬೈದರೆ ನನಗೆ ಬೇಸರವಿಲ್ಲ. ಜಪಾನಿನ ಅನಿಮೆಗೂ ಮಕ್ಕಳ ಕಾರ್ಟೂನಿಗೂ ಇರುವ ವ್ಯತ್ಯಾಸ ಅಮ್ಮನಿಗೆ ಗೊತ್ತಿಲ್ಲ, ಬಿಡಿ. ನನಗೆ ಬೇಸರ ಇರುವುದು ಎಲ್ಲಾ ಗೊತ್ತಿರುವವರ ಮೇಲೆ. ಅಂದರೆ, ಅನಿಮೆಯನ್ನೂ ಅದಕ್ಕೆ ಮೂಲವಾದ ಮಾಂಗಾ ಚಿತ್ರಕಥೆಗಳನ್ನೂ ನನ್ನಷ್ಟೇ ಪ್ರೀತಿಸುವ ನಮ್ಮವರ ಮೇಲೆ! ಇವರು ಕೊಡುವ ಕಾಟ ಒಂದೆರಡಲ್ಲ.

ಮೊದಲನೆಯವರು ಮುಂದಿನ ಕಥೆ ಹೇಳುವವರು. ‘ಅಟ್ಯಾಕ್ ಆನ್ ಟೈಟನ್’ ಮಾಂಗಾ 2021ರಲ್ಲೇ ಮುಗಿಯಿತು, ಅನಿಮೆ ಮುಗಿದದ್ದು 2023ರಲ್ಲಿ. ನಡುವಿನ ಎರಡು ವರ್ಷ ನಾನು ಗೆಳೆಯರ ನಡುವೆ ಕಿವಿ ಮುಚ್ಚಿಕೊಂಡೇ ಓಡಾಡಿದ್ದೇನೆ. ‘ನಾನೇನೂ ಹೇಳಲ್ಲಪ್ಪ, ಆದ್ರೆ ಅವನನ್ನ ಜಾಸ್ತಿ ಹಚ್ಕೋಬೇಡ’ ಅನ್ನುತ್ತಾರೆ. ಇನ್ನು ಹೇಳೋದಕ್ಕೆ ಏನು ಉಳಿಯಿತು ಸ್ವಾಮಿ? ಅವನು ಸಾಯ್ತಾನೆ ಅಂತ ಡಂಗುರ ಸಾರಿದ ಹಾಗೇ ಆಯಿತಲ್ಲ!

ಎರಡನೆಯವರು ಒತ್ತಾಯದ ಗಿರಾಕಿಗಳು. ‘ಒನ್ ಪೀಸ್’ ಅನಿಮೆ 1999ರಲ್ಲಿ ಶುರುವಾಗಿ ಸಾವಿರ ಕಂತು ದಾಟಿದೆ. ‘ಮೊದಲ ನೂರು ಎಪಿಸೋಡ್ ಹೇಗಾದ್ರೂ ತಡ್ಕೋ, ಆಮೇಲೆ ನೋಡು ಮಜಾ’ ಎನ್ನುತ್ತಾರೆ. ಇಂಟರ್ನಲ್ಸ್ ಹತ್ತಿರ ಬಂದಾಗ ನೂರು ಎಪಿಸೋಡ್ ತಡೆದುಕೊಳ್ಳುವ ಪುಣ್ಯಾತ್ಮರು ಯಾರಿದ್ದಾರೋ!

ಮೂರನೆಯವರು ಪರೀಕ್ಷಕರು. ‘ನರುಟೊ’ ಟೀ ಶರ್ಟ್ ಹಾಕಿಕೊಂಡು ಹುಡುಗ ಬಂದರೆ ‘ಸೂಪರ್ ಮಗಾ’. ಅದೇ ಟೀ ಶರ್ಟ್‌ನಲ್ಲಿ ಹುಡುಗಿ ಬಂದರೆ ‘ನೀನು ನಿಜವಾದ ಫ್ಯಾನಾ? ಹಾಗಾದ್ರೆ ಐದನೇ ಹೊಕಾಗೆ ಯಾರು ಹೇಳು’ ಎಂದು ವೈವಾ ಶುರು. 72 ಸಂಪುಟಗಳ ಮಾಂಗಾ ಬಾಯಿಪಾಠ ಮಾಡಿದರಷ್ಟೇ ಟೀ ಶರ್ಟ್ ಹಾಕಬೇಕು ಅನ್ನುವ ರೂಲ್ಸ್ ಎಲ್ಲಿದೆ?

ಇವರನ್ನೆಲ್ಲ ನಕ್ಕು ಸಹಿಸಬಹುದು. ನಾಲ್ಕನೆಯವರನ್ನು ಮಾತ್ರ ಆಗುವುದಿಲ್ಲ. ಇವರು ‘ಡಬ್ ನೋಡ್ತೀಯಾ? ಛೀ’ ಎನ್ನುವವರು.

2025ರ ಸೆಪ್ಟೆಂಬರ್‌ನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ನಮ್ಮ ಥಿಯೇಟರ್‌ಗಳಿಗೆ ಬಂತು. ಜಪಾನಿ ಜೊತೆಗೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲೂ ಇತ್ತು, ಕನ್ನಡದಲ್ಲಿ ಇರಲಿಲ್ಲ. ನಮ್ಮ ಹಾಸ್ಟೆಲ್‌ನ ಜೂನಿಯರ್ ಒಬ್ಬ ಆಂಧ್ರದ ಗಡಿ ಕಡೆಯ ಹಳ್ಳಿಯವನು, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಇಂಗ್ಲಿಷ್ ಸಬ್‌ಟೈಟಲ್ ಒಂದು ಸಾಲು ಓದುವಷ್ಟರಲ್ಲಿ ಎರಡು ಸಾಲು ಹಾರಿಹೋಗುತ್ತವೆ ಎಂದು ತೆಲುಗಿನಲ್ಲಿ ನೋಡಿಬಂದ. ರಾತ್ರಿ ಊಟಕ್ಕೆ ಕೂತಾಗ ಕಣ್ಣರಳಿಸಿ ಒಂದೊಂದೇ ಸೀನ್ ಹೇಳತೊಡಗಿದ. ನಮ್ಮ ಪೈಕಿ ಒಬ್ಬ, ‘ತೆಲುಗಲ್ಲಾ? ಹಾಗಾದ್ರೆ ನೀನು ಆ ಸಿನಿಮಾ ನೋಡೇ ಇಲ್ಲ ಬಿಡು’ ಅಂದ. ಟೇಬಲ್ ಸುತ್ತ ನಗು. ಹುಡುಗ ತಟ್ಟೆ ನೋಡುತ್ತಾ ಅನ್ನ ಕಲಸತೊಡಗಿದ. ಆಮೇಲೆ ನಮ್ಮ ಮುಂದೆ ಅವನು ಅನಿಮೆಯ ಮಾತೆತ್ತಿದ್ದನ್ನು ನಾನು ಕೇಳಿಲ್ಲ.

ಜಪಾನಿ ಧ್ವನಿ ಕಲಾವಿದರ ದನಿಗೆ ಅದರದೇ ಸೊಗಸಿದೆ, ಒಪ್ಪುತ್ತೇನೆ. ಆದರೆ ಸಬ್‌ಟೈಟಲ್ ಓದುವ ನಾವೇನು ಟೋಕಿಯೊದಲ್ಲಿ ಹುಟ್ಟಿದವರಾ? ನಾವು ಓದುವುದೂ ಅನುವಾದವನ್ನೇ. ಅವನದು ಕಿವಿಗೆ ಬಂದ ಅನುವಾದ, ನಮ್ಮದು ಕಣ್ಣಿಗೆ ಬಂದದ್ದು. ಒಳಗೊಳಗೇ ಇದು ಜಪಾನಿ ಪ್ರೀತಿಯೂ ಅಲ್ಲ, ನಮಗೆ ಇಂಗ್ಲಿಷ್ ಬರುತ್ತದೆ ಅನ್ನುವ ಜಂಬ. ಅದನ್ನು ತೋರಿಸಿಕೊಳ್ಳಲು ಒಬ್ಬನ ಖುಷಿಯನ್ನು ಬಲಿ ಕೊಡಬೇಕೆ?

ಅನಿಮೆ ನೋಡುವವರ ಬಾಯಲ್ಲಿ ಸದಾ ಇರುವ ಪದ ‘ಸೆನ್‌ಪೈ’. ಅದರರ್ಥ ಸೀನಿಯರ್, ಕಿರಿಯರಿಗೆ ದಾರಿ ತೋರಿಸಬೇಕಾದವನು. ದಿನಕ್ಕೆ ಹತ್ತು ಸಲ ಆ ಪದ ಹೇಳುವ ಗೆಳೆಯರೇ, ಮುಂದಿನ ಸಲ ಹೊಸಬನೊಬ್ಬ ‘ನಾನೂ ನೋಡಿದೆ’ ಎಂದು ಬಂದರೆ ಯಾವ ಭಾಷೆಯಲ್ಲಿ ಎಂದು ಕೇಳಬೇಡಿ. ಯಾವ ಸೀನ್ ಇಷ್ಟವಾಯಿತು ಎಂದು ಕೇಳಿ. ಆಮೇಲೆ ಸ್ವಲ್ಪ ಹೊತ್ತು ಅವನೇ ಮಾತಾಡಲಿ.